ಹಳ್ಳಿಯೊಂದು ಹೋಟೆಲಾದ ಬಗೆ

ಗ್ರೀಸ್ ದೇಶವೆಂದೊಡನೆ ನಮ್ಮವರ ಕಣ್ಣ ಮುಂದೆ ಬಂದು ನಿಲ್ಲುವುದು ಬಿಳಿಯ ಕಲ್ಲಿನ ಕಂಬಸಾಲು. ಕನ್ನಡ ಓದಿದವರಿಗಾದರೆ ಬಿ. ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್', 'ಪಾರಸಿಕರು' ನಾಟಕಗಳ ಮೂಲಕ ಆ ದೇಶದ ರುದ್ರನಾಟಕಗಳ ಪರಿಚಯವೂ ಒಂದಿಷ್ಟು ಉಂಟು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ನನಗೂ ಗ್ರೀಸ್ ಎಂದರೆ ಅಷ್ಟೇ ಆಗಿತ್ತು. 2023ರ ದಸರಾ ರಜೆಯಲ್ಲಿ, ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕೆಲಸದಲ್ಲಿರುವ ಮಗನ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನನ್ನಾಕೆಯೂ ಆ ದೇಶವನ್ನು ನೋಡಿ ಬಂದೆವು. ಕಂಬಸಾಲುಗಳನ್ನು ಕಂಡದ್ದೂ ನಿಜವೇ. ಆದರೆ ಅವುಗಳನ್ನು ಕುರಿತು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ಒಂದೂ ಕಂಬವಿಲ್ಲದ, ಭೂಪಟದಲ್ಲಿ ಭೂತಗನ್ನಡಿಯಿಟ್ಟು ಹುಡುಕಬೇಕಾದ ಒಂದು ಜಾಗದ ವಿಚಾರ. ಅದರ ಹೆಸರು ಮಿಲಿಯಾ. ಗ್ರೀಕ್ ನುಡಿಯಲ್ಲಿ ಹಾಗೆಂದರೆ ಸೇಬಿನ ಮರ.

ಮಿಲಿಯಾ ಒಂದು ಹೋಟೆಲು. ಹಳ್ಳಿಯಲ್ಲಿರುವ ಹೋಟೆಲು ಎಂದುಕೊಳ್ಳಬೇಡಿ, ಹಳ್ಳಿಯೇ ಹೋಟೆಲು. ಬೆಟ್ಟದ ಇಳಿಜಾರಿನಲ್ಲಿ ಚದರಿಕೊಂಡಿರುವ ಕಲ್ಲಿನ ಪುಟ್ಟ ಮನೆಗಳಲ್ಲಿ ಒಂದು ಊಟದ ಮನೆ, ಮಿಕ್ಕವು ತಂಗುವ ಕೋಣೆಗಳು. ಒಂದು ಕಾಲಕ್ಕೆ ಇಲ್ಲಿ ಸಂಸಾರಗಳಿದ್ದವು, ಆಡುಗಳಿದ್ದವು, ಎಣ್ಣೆಯ ಗುಡಾಣಗಳಿದ್ದವು. ಆಮೇಲೆ ಯಾರೂ ಇಲ್ಲವಾದರು. ಸೂರು ಬಿತ್ತು, ಗೋಡೆ ಬಿತ್ತು. ಹೀಗೆ ಬಿದ್ದ ಊರನ್ನು ಮತ್ತೆ ಎತ್ತಿ ನಿಲ್ಲಿಸಿ, ಹೊರಗಿನವರಿಗೆ ತಂಗಲು ಕೊಡುವ ಪದ್ಧತಿ ಗ್ರೀಸಿನಲ್ಲಿ ಹಲವು ಕಡೆ ಉಂಟು. ಇದು ಹೇಗೆ ನಡೆಯಿತು, ಅಲ್ಲಿ ಇರುವುದೆಂದರೆ ಏನು ಎಂಬುದನ್ನು ನಾನು ಕಂಡಷ್ಟು, ಓದಿ ತಿಳಿದಷ್ಟು ವಾಚಕರ ಮುಂದಿಡುತ್ತೇನೆ.

ಗ್ರೀಸಿನ ದಕ್ಷಿಣದ ಕಡಲಿನಲ್ಲಿ ಪೂರ್ವ ಪಶ್ಚಿಮವಾಗಿ ಸುಮಾರು 260 ಕಿಲೋಮೀಟರು ಉದ್ದಕ್ಕೆ ಮಲಗಿರುವ ದ್ವೀಪ ಕ್ರೀಟ್. ಅದರ ಪಶ್ಚಿಮ ಭಾಗದ ಮುಖ್ಯ ಪಟ್ಟಣ ಹಾನ್ಯಾ. ಅಲ್ಲಿಂದ ಬಾಡಿಗೆಯ ಕಾರಿನಲ್ಲಿ ಹೊರಟೆವು. ಮೊದಲು ಕಡಲ ಬದಿಯ ಬಯಲು. ಎಲ್ಲಿ ನೋಡಿದರೂ ಆಲಿವ್ ಮರ. ಬಳಿಕ ರಸ್ತೆ ದಕ್ಷಿಣಕ್ಕೆ ತಿರುಗಿ ತೊಪೋಲ್ಯಾ ಎಂಬ ಕಂದರವನ್ನು ಹೊಕ್ಕಿತು. ಇಲ್ಲಿ ಬಂಡೆಯನ್ನು ಕೊರೆದು ಮಾಡಿದ ಒಂದು ಸುರಂಗ; ಒಂದು ಗಾಡಿಗೆ ಮಾತ್ರ ಜಾಗ. ಎದುರಿನವರು ಬರುವವರೆಗೆ ದೀಪದ ಸನ್ನೆ ನೋಡಿಕೊಂಡು ಕಾಯಬೇಕು. ಸುರಂಗ ದಾಟಿದರೆ ಮೇಲೆ ಬೆಟ್ಟದಲ್ಲಿ ಅಯಾ ಸೋಫಿಯಾ ಗುಹೆ. ಅದರೊಳಗೆ ಒಂದು ಸಣ್ಣ ಕ್ರೈಸ್ತ ಗುಡಿ. ಮುಂದೆ ವ್ಲಾತೋಸ್ ಎಂಬ ಊರು. ಅದನ್ನು ಬಿಟ್ಟ ಮೇಲೆ ಟಾರು ಮುಗಿದು ಮಣ್ಣಿನ ದಾರಿ, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ. ನನ್ನಾಕೆ ಕಣ್ಣು ಮುಚ್ಚಿ ಕುಳಿತವಳು ಕಾರು ನಿಂತ ಮೇಲೆಯೇ ತೆರೆದದ್ದು. ಆಗಲೂ ಅವಳಿಗೆ ಊರು ಕಾಣಲಿಲ್ಲ. "ಎಲ್ಲಿ ಹೋಟೆಲು?" ಎಂದಳು. ಮಗ ಕೈತೋರಿದ. ಬೆಟ್ಟದ ಬಣ್ಣವೇ ಗೋಡೆಯ ಬಣ್ಣವಾದ್ದರಿಂದ, ಅಲ್ಲಿ ಮನೆಗಳಿವೆ ಎಂಬುದು ಒಂದು ಹೊಗೆಕೊಳವೆಯ ಹೊಗೆಯಿಂದ ತಿಳಿಯಿತೇ ಹೊರತು ಬೇರಾವ ಗುರುತಿನಿಂದಲೂ ಅಲ್ಲ.

ಕಡಲಿನಿಂದ ಸುಮಾರು 500 ಮೀಟರು ಎತ್ತರದಲ್ಲಿ, ಬೆಟ್ಟದ ಮಡಿಕೆಯೊಳಗೆ ಹೀಗೆ ಅಡಗಿ ಊರು ಕಟ್ಟಿದವರು ಚೆಲುವಿಗಾಗಿ ಕಟ್ಟಲಿಲ್ಲ. ಅಂಜಿಕೆಯಿಂದ ಕಟ್ಟಿದರು. ಕ್ರೀಟ್ ದ್ವೀಪ ಎಲ್ಲರ ಕಣ್ಣಿಗೂ ಬಿದ್ದ ನೆಲ. ಅರಬರು ಒಂಬತ್ತನೆಯ ಮತ್ತು ಹತ್ತನೆಯ ಶತಮಾನಗಳಲ್ಲಿ ಆಳಿದರು. ಹದಿಮೂರನೆಯ ಶತಮಾನದಿಂದ 1669ರವರೆಗೆ ವೆನಿಸ್ ನಗರದವರು. ಅನಂತರ 1898ರವರೆಗೆ ತುರ್ಕರು. ಗ್ರೀಸಿನೊಡನೆ ಕೂಡಿದ್ದು 1913ರಲ್ಲಿ. ದೊರೆಗಳು ಬದಲಾಗುತ್ತಿದ್ದರೂ ಬದಲಾಗದೆ ಉಳಿದವರು ಕಡಲ್ಗಳ್ಳರು. ಕರಾವಳಿಯ ಊರುಗಳ ಮೇಲೆ ಬಿದ್ದು ಧಾನ್ಯವನ್ನಲ್ಲದೆ ಮನುಷ್ಯರನ್ನೂ ಹೊತ್ತೊಯ್ದು ಮಾರುತ್ತಿದ್ದರು. ಕಡಲಿನಿಂದ ನೋಡಿದರೆ ಕಾಣಬಾರದು, ಹೊಗೆಯೂ ಬೆಟ್ಟದ ಹಿಂದೆ ಅಡಗಬೇಕು. ಊರಿಗೆ ಜಾಗ ಆರಿಸುವವನು ಮೊದಲು ನೋಡುತ್ತಿದ್ದದ್ದು ಇದನ್ನು. ಎರಡನೆಯ ಕಾರಣ ಮಲೇರಿಯಾ. ಗ್ರೀಸಿನ ತಗ್ಗು ಪ್ರದೇಶಗಳಲ್ಲಿ, ಜೌಗಿನ ಬದಿಯಲ್ಲಿ, ಚಳಿಜ್ವರ ವರ್ಷವರ್ಷವೂ ಜನರನ್ನು ಹಣ್ಣುಮಾಡುತ್ತಿತ್ತು. ಎತ್ತರದ ಗಾಳಿಯಲ್ಲಿ ಸೊಳ್ಳೆ ಕಡಿಮೆ. ಈಗ ಅಲ್ಲಿಗೆ ಹೋಗುವವರು ಏಕಾಂತ ಬೇಕೆಂದು ಹಣ ಕೊಟ್ಟು ಹೋಗುತ್ತಾರೆ. ಕಟ್ಟಿದವರಿಗೆ ಆ ಏಕಾಂತ ಬಿಟ್ಟಿಯಾಗಿ, ಬೇಡದೆಯೇ ಬಂದದ್ದು.

ಇಂಥ ಊರುಗಳು ಬರಿದಾದದ್ದು ಒಂದೇ ಕಾರಣದಿಂದಲ್ಲ. 1941ರ ಮೇ 20ರಂದು ಜರ್ಮನ್ ಪಡೆಗಳು ಆಕಾಶದಿಂದ ಕೊಡೆಗಳಲ್ಲಿ ಕ್ರೀಟಿಗೆ ಇಳಿದವು. ಹಳ್ಳಿಗರು ಕೈಗೆ ಸಿಕ್ಕ ಆಯುಧ ಹಿಡಿದು ಎದುರಿಸಿದರು. ಅದಕ್ಕೆ ಪ್ರತಿಯಾಗಿ ಜೂನ್ 3ರಂದು, ಮಿಲಿಯಾದಿಂದ ಬಹುದೂರವಲ್ಲದ ಕಂದಾನೋಸ್ ಎಂಬ ಊರನ್ನು ಜನಸಮೇತ ನೆಲಸಮ ಮಾಡಿದರು. ಸೋತು ಹಿಂದುಳಿದ ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಸೈನಿಕರನ್ನು ಬೆಟ್ಟದ ಹಳ್ಳಿಗರು ಮರೆಮಾಡಿ ಸಾಕಿದರು. ಸಿಕ್ಕಿಬಿದ್ದರೆ ಮರಣವೇ ದಂಡನೆಯೆಂಬುದು ಅವರಿಗೆ ತಿಳಿದಿತ್ತು. ಮಹಾಯುದ್ಧ ಮುಗಿದ ಮೇಲೆ 1946ರಿಂದ 1949ರವರೆಗೆ ಗ್ರೀಕರು ಗ್ರೀಕರೊಡನೆಯೇ ಕಾದಾಡಿದರು. ಅದೂ ಮುಗಿಯುವ ಹೊತ್ತಿಗೆ ಡಿ.ಡಿ.ಟಿ. ಬಂದು ತಗ್ಗುನೆಲದ ಮಲೇರಿಯಾ ಇಳಿಮುಖವಾಗಿತ್ತು, ಕಡಲ್ಗಳ್ಳರು ಕಥೆಯಾಗಿದ್ದರು. ಬೆಟ್ಟದ ಮೇಲಿರಬೇಕಾದ ಎರಡು ಕಾರಣಗಳೂ ಹೋದ ಮೇಲೆ ಉಳಿದದ್ದು ಬೆಟ್ಟದ ಕಷ್ಟ ಮಾತ್ರ. ಜನ ಇಳಿದರು. ಕೆಲವರು ಕರಾವಳಿಗೆ, ಹಲವರು ಅಥೆನ್ಸಿಗೆ, ಇನ್ನೂ ಹಲವರು ಅಮೆರಿಕ, ಆಸ್ಟ್ರೇಲಿಯಾಗಳಿಗೆ. 1960ರಲ್ಲಿ ಗ್ರೀಸಿಗೂ ಪಶ್ಚಿಮ ಜರ್ಮನಿಗೂ ಕೂಲಿಗಾರರ ವಿಚಾರವಾಗಿ ಒಪ್ಪಂದವಾಗಿ, ಯುವಕರು ಸಾಲುಸಾಲಾಗಿ ರೈಲು ಹತ್ತಿದರು.

ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಬಾಯಿಂದ ಕೇಳಿದೆ. ಮಿಲಿಯಾಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಫಿಯಂಗಡಿಯ ಮುಂದೆ ಕುಳಿತಿದ್ದ ಮುದುಕರೊಬ್ಬರು ನನ್ನ ಮಗನೊಡನೆ ಒಳ್ಳೆಯ ಜರ್ಮನ್ ಭಾಷೆಯಲ್ಲಿ ಮಾತು ತೆಗೆದರು. ಎಪ್ಪತ್ತೊಂಬತ್ತು ವಯಸ್ಸು. 1963ರಲ್ಲಿ ಹತ್ತೊಂಬತ್ತರ ಹುಡುಗನಾಗಿ ಹೊರಟು ಮ್ಯೂನಿಕ್ ನಿಲ್ದಾಣದ ಹನ್ನೊಂದನೆಯ ಪ್ಲಾಟ್‌ಫಾರ್ಮಿನಲ್ಲಿ ಇಳಿದರಂತೆ. ಆ ಕಾಲದಲ್ಲಿ ದಕ್ಷಿಣದ ದೇಶಗಳಿಂದ ಬಂದ ಕೂಲಿಗಾರರಲ್ಲಿ ಬಹಳ ಮಂದಿ ಅಲ್ಲಿಯೇ ಇಳಿದು, ಅಲ್ಲಿಂದಲೇ ಬೇರೆ ಬೇರೆ ಕಾರ್ಖಾನೆಗಳಿಗೆ ಹಂಚಿಹೋಗುತ್ತಿದ್ದರು. ನನ್ನ ಮಗ ಆ ನಿಲ್ದಾಣವನ್ನು ದಿನವೂ ಹಾದುಹೋಗುವವನು. ಅವನಿಗೆ ಇದು ತಿಳಿದಿರಲಿಲ್ಲ. ಮುದುಕರು ಅವನ ಊರು ಕೇರಿ ವಿಚಾರಿಸಿ, ಕೊನೆಗೆ ನನ್ನ ಕಡೆ ತಿರುಗಿ ಏನೋ ಕೇಳಿದರು. ಮಗ ಒಂದು ಗಳಿಗೆ ಸುಮ್ಮನಿದ್ದು ಅನುವಾದ ಮಾಡಿದ: "ಅಪ್ಪ, ನಮ್ಮ ಮನೆಯಲ್ಲಿ ಈಗ ಯಾರಿದ್ದಾರೆ ಅಂತ ಕೇಳುತ್ತಿದ್ದಾರೆ." ಪೇಟೆಯ ಮನೆಯ ವಿಚಾರವಲ್ಲ ಅವರು ಕೇಳಿದ್ದು. ಹಿರಿಯರ ಮನೆಯ ವಿಚಾರ. ಅಲ್ಲಿ ಯಾರೂ ಇಲ್ಲವೆಂದು ಹೇಳಿಸಿದೆ. ಅವರು ತಲೆದೂಗಿದರು.

ಜನ ಬಿಟ್ಟುಹೋದ ಮನೆ ಎಷ್ಟು ಬೇಗ ಬೀಳುತ್ತದೆ ಎಂಬುದು ಕಂಡವರಿಗೇ ಗೊತ್ತು. ಕ್ರೀಟಿನ ಹಳೆಯ ಮನೆಗಳಲ್ಲಿ ಬಹಳಷ್ಟಕ್ಕೆ ಚಪ್ಪಟೆಯಾದ ಮಣ್ಣಿನ ಸೂರು. ಗೋಡೆಯಿಂದ ಗೋಡೆಗೆ ಮರದ ತೊಲೆ. ಕೋಣೆ ಅಗಲವಾದರೆ ಮಧ್ಯೆ ಕಲ್ಲಿನ ಕಮಾನು ಕಟ್ಟಿ ಅದರ ಮೇಲೆ ತೊಲೆಯ ಭಾರ ಹೊರಿಸುತ್ತಾರೆ. ತೊಲೆಯ ಮೇಲೆ ಜಂತೆ, ಅದರ ಮೇಲೆ ಪೊದೆಗಿಡದ ಕಡ್ಡಿಸೊಪ್ಪು, ಅದರ ಮೇಲೆ ನೀರು ಬಿಡದ ಜೇಡಿಮಣ್ಣು. ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೇಸಗೆಯಲ್ಲಿ ಮಣ್ಣು ಬಿರಿಯುತ್ತದೆ. ಮಳೆ ಹಿಡಿಯುವ ಮೊದಲು ಯಜಮಾನ ಮೇಲೆ ಹತ್ತಿ, ಹೊಸ ಮಣ್ಣು ಹರಡಿ, ಕಲ್ಲಿನ ಉರುಳೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಬಿರುಕು ಮುಚ್ಚಬೇಕು. ಈ ಸೂರಿಗೆ ಅಲ್ಲಿಯ ಹೆಸರು 'ದೋಮಾ'. ಆ ಶಬ್ದವನ್ನು ಕೇಳಿದಾಗ ನನ್ನೊಳಗಿನ ಪಂಡಿತ ಎದ್ದು ಕುಳಿತ. ಹಳೆಯ ಗ್ರೀಕಿನಲ್ಲಿ ಅದು ಮನೆಯನ್ನೇ ಹೇಳುವ ಮಾತು. ವೇದಕಾಲದ ಸಂಸ್ಕೃತದಲ್ಲಿ ಮನೆಯನ್ನು ಹೇಳುವ 'ದಮ' ಶಬ್ದಕ್ಕೂ ಅದಕ್ಕೂ ಒಂದೇ ಬೇರು. ನಾವು ಮದುವೆಯ ಕರೆಯೋಲೆಯಲ್ಲಿ ದಿನವೂ ಬರೆಯುವ 'ದಂಪತಿ' ಎಂಬಲ್ಲಿ ಆ ಹಳೆಯ ಮನೆ ಇನ್ನೂ ನಿಂತಿದೆ: ದಂಪತಿಗಳೆಂದರೆ ಮನೆಯ ಒಡೆಯರು.

ಒಡೆಯನಿಲ್ಲದ ವರ್ಷ ಉರುಳೆ ಎಳೆಯುವವರಿಲ್ಲ. ಬಿರುಕಿನಲ್ಲಿ ನೀರಿಳಿದು ತೊಲೆಯ ತುದಿ, ಅದೂ ಗೋಡೆಯೊಳಗೆ ಹುದುಗಿರುವ ಕಾಣದ ತುದಿ, ಕೊಳೆಯತೊಡಗುತ್ತದೆ. ಐದಾರು ಚಳಿಗಾಲ ಕಳೆಯುವಷ್ಟರಲ್ಲಿ ಒಂದು ತೊಲೆ ಕುಸಿದು ಉಳಿದವನ್ನೂ ಎಳೆದುಕೊಳ್ಳುತ್ತದೆ. ಸೂರು ಹೋದ ಮೇಲೆ ಗೋಡೆಯ ನೆತ್ತಿ ಬಯಲಾಯಿತು; ಕಲ್ಲುಗಳ ನಡುವಿನ ಮಣ್ಣು ಮಳೆಗೆ ಕರಗುತ್ತದೆ. ಅಲ್ಲೊಂದು ಹಕ್ಕಿ ಅಂಜೂರದ ಬೀಜ ಉದುರಿಸಿತೆಂದರೆ ಅದರ ಬೇರು ಗೋಡೆಯನ್ನು ಎರಡಾಗಿ ಸೀಳುತ್ತದೆ. ಶಿವಮೊಗ್ಗ ಜಿಲ್ಲೆಯ ನಮ್ಮ ಹಳ್ಳಿಯ ಮನೆಯದು ಮಣ್ಣಿನ ಸೂರಲ್ಲ, ಹೆಂಚಿನ ಮಾಡು. ಅಮ್ಮ ತೀರಿಕೊಂಡ ಮೇಲೆ 2014ರಲ್ಲಿ ಬಾಗಿಲಿಗೆ ಬೀಗ ಹಾಕಿದೆವು. ಮೊದಲ ವರ್ಷ ಮಂಗ ಹಾರಿ ನಾಲ್ಕು ಹೆಂಚು ಸರಿದವು. ಮೂರನೆಯ ಮಳೆಗಾಲಕ್ಕೆ ಅಡಿಗೆಮನೆಯ ಪಕಾಸಿಗೆ ಗೆದ್ದಲು ಹಿಡಿದಿತ್ತು. ಅದನ್ನು ಸರಿಮಾಡಿಸಬೇಕೆಂದು ಪ್ರತಿ ಬೇಸಗೆಯಲ್ಲಿಯೂ ಅಂದುಕೊಂಡದ್ದುಂಟು. ಈ ಮಾತು ಇಲ್ಲಿಗೆ ಸಾಕು.

ಮಿಲಿಯಾ ಬಿದ್ದು ಹಲವು ವರ್ಷಗಳಾದ ಮೇಲೆ, 1980ರ ದಶಕದ ಮೊದಲಲ್ಲಿ, ಆ ಸೀಮೆಯವರೇ ಆದ ಇಬ್ಬರು ಗೆಳೆಯರು ಅದನ್ನು ಎತ್ತಿ ಕಟ್ಟುವ ಸಾಹಸಕ್ಕೆ ಕೈಹಾಕಿದರು. ವಿದ್ಯುತ್ತಿನ ಕಂಬ ಅಲ್ಲಿಗೆ ಬಂದಿರಲಿಲ್ಲ. ಒಂದೊಂದೇ ಮನೆಯನ್ನು ಕಟ್ಟುತ್ತ ವರ್ಷಗಟ್ಟಲೆ ದುಡಿದರು. ಅತಿಥಿಗಳಿಗೆ ಬಾಗಿಲು ತೆರೆದದ್ದು 1990ರ ದಶಕದಲ್ಲಿ.

ಹಳೆಯ ಕಲ್ಲುಮನೆಯನ್ನು ಮತ್ತೆ ಕಟ್ಟುವಾಗ ಸಿಮೆಂಟಿನ ಆಸೆ ಬಿಡುವುದು ಮೊದಲ ನಿಯಮ. ಕಾರಣ ಸರಳ. ಕಲ್ಲುಗೋಡೆ ನೆಲದಿಂದಲೂ ಮಳೆಯಿಂದಲೂ ತೇವ ಕುಡಿಯುತ್ತದೆ. ಸಂದುಗಳಲ್ಲಿ ಸುಣ್ಣದ ಗಾರೆಯಿದ್ದರೆ ಆ ತೇವ ಗಾರೆಯ ಮೂಲಕ ಆರಿಹೋಗುತ್ತದೆ; ಗೋಡೆ ಕೊಂಚ ಅಲುಗಿದರೂ ಸುಣ್ಣ ಬಾಗಿಕೊಡುತ್ತದೆ. ಸಿಮೆಂಟು ಹಾಗಲ್ಲ. ಅದು ಕಲ್ಲಿಗಿಂತ ಗಟ್ಟಿ, ನೀರನ್ನು ಹೊರಬಿಡದು. ಒಳಗೆ ಸಿಕ್ಕಿಬಿದ್ದ ತೇವ ಕಲ್ಲನ್ನೇ ಹುಡಿಗಟ್ಟಿಸುತ್ತದೆ. ಕ್ರೀಟ್ ಭೂಕಂಪದ ನಾಡು ಬೇರೆ. ಆದ್ದರಿಂದ ಬಿದ್ದ ಕಲ್ಲನ್ನೇ ಆರಿಸಿ, ಮೂಲೆಗೆ ಉದ್ದ ಕಲ್ಲು, ಬಾಗಿಲ ಮೇಲಕ್ಕೆ ಇಡಿಗಲ್ಲು ಎಂದು ವಿಂಗಡಿಸಿ, ಸುಣ್ಣದಲ್ಲಿ ಕೂರಿಸಬೇಕು. ಇಳಿಜಾರಿನಲ್ಲಿ ಮಣ್ಣು ಜಾರದಂತೆ ತಡೆಯುವ ಮೆಟ್ಟಿಲು ಪಾತಿಗಳ ಗೋಡೆಗಳಿಗಾದರೆ ಗಾರೆಯೇ ಇಲ್ಲ. ಒಣಕಲ್ಲನ್ನು ಒಂದಕ್ಕೊಂದು ಕಚ್ಚುವಂತೆ ಪೇರಿಸುವುದು. ಈ ಕೈಕೆಲಸವನ್ನು ಯುನೆಸ್ಕೋ ಸಂಸ್ಥೆ 2018ರಲ್ಲಿ ಗ್ರೀಸ್ ಮೊದಲಾದ ಎಂಟು ದೇಶಗಳ ಪರಂಪರೆಯೆಂದು ತನ್ನ ಪಟ್ಟಿಗೆ ಸೇರಿಸಿತು.

ಈ ಕೆಲಸವನ್ನು ಸರಕಾರವೂ ಮಾಡಿ ನೋಡಿತ್ತು. 1975ರಲ್ಲಿ ಗ್ರೀಸಿನ ಪ್ರವಾಸ ಇಲಾಖೆ ಹಳೆಯ ಊರುಗಳ ಮನೆಗಳನ್ನು ದುರಸ್ತಿ ಮಾಡಿ ತಂಗುಮನೆಗಳಾಗಿ ನಡೆಸುವ ಯೋಜನೆಯೊಂದನ್ನು ಆರಂಭಿಸಿತು. ಸಾಂತೊರೀನಿ ದ್ವೀಪದ ಓಯಾ, ಹಿಯೋಸ್ ದ್ವೀಪದ ಮೆಸ್ತಾ, ಉತ್ತರದ ಬೆಟ್ಟಗಳ ಪಾಪಿಂಗೊ, ದಕ್ಷಿಣ ತುದಿಯ ವಾಥ್ಯಾ ಮೊದಲಾದವು ಅದರಲ್ಲಿ ಸೇರಿದವು. 1978ರಲ್ಲಿ ನೂರಾರು ಊರುಗಳನ್ನು ಪಾರಂಪರಿಕವೆಂದು ಸಾರಿ, ಅಲ್ಲಿ ಮನಬಂದಂತೆ ಕಟ್ಟುವುದನ್ನು ಕಾನೂನು ತಡೆಯಿತು. ಒಳ್ಳೆಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಓಯಾ ಇಂದು ಜಗತ್ತಿಗೇ ಗೊತ್ತು; ಜನಜಂಗುಳಿಯಲ್ಲಿ ಕಾಲಿಡಲೂ ಜಾಗವಿಲ್ಲವೆಂದು ಹೇಳುತ್ತಾರೆ. ವಾಥ್ಯಾದ ಗತಿ ಬೇರೆಯಾಯಿತು. ಅದು ಮಾನಿ ಎಂಬ ಬರಡು ಸೀಮೆಯಲ್ಲಿ, ಕುಲಕುಲಗಳು ಹಗೆ ಸಾಧಿಸುತ್ತ ಬುರುಜಿನಂಥ ಎತ್ತರದ ಮನೆಗಳನ್ನು ಕಟ್ಟಿಕೊಂಡಿದ್ದ ಊರು. ಬುರುಜುಗಳಲ್ಲಿ ಕೆಲವನ್ನು ಇಲಾಖೆ ಚೆನ್ನಾಗಿಯೇ ದುರಸ್ತಿ ಮಾಡಿತು. ಅತಿಥಿಗಳು ಬಂದು ಇದ್ದರು. ಆದರೆ ಸುತ್ತ ಉಳುವವರಿಲ್ಲ, ಅಂಗಡಿಯಿಲ್ಲ, ಮಕ್ಕಳಿಲ್ಲ. ಕಾಲಕ್ರಮದಲ್ಲಿ ತಂಗುಮನೆ ಮುಚ್ಚಿತು. ಕಲ್ಲುಗಳು ನೆಟ್ಟಗೆ ನಿಂತಿವೆ, ಊರು ಮತ್ತೆ ಹೆಚ್ಚುಕಡಮೆ ಬರಿದು. ದಾರಿಹೋಕರು ಕಾರು ನಿಲ್ಲಿಸಿ ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ.

ಮಿಲಿಯಾ ಹೀಗಾಗದೆ ಉಳಿದದ್ದೇಕೆ ಎಂದು ನಾನು ಅಲ್ಲಿದ್ದ ಮೂರು ದಿನವೂ ನೋಡುತ್ತಿದ್ದೆ. ನನಗೆ ತೋರಿದ್ದು ಇಷ್ಟು: ಅಲ್ಲಿ ಹೋಟೆಲಿನ ಹಿಂದೆ ತೋಟವಿದೆ. ಮನೆಗಳ ಸುತ್ತ ಚೆಸ್ಟ್‌ನಟ್ ಮರ, ಆಲಿವ್, ತರಕಾರಿ ಪಾತಿ, ಕೋಳಿ, ಆಡು. ಬೆಳೆದದ್ದು ಊಟದ ಮನೆಗೆ ಬರುತ್ತದೆ. ಬರುವ ಹಣ ಪಾತಿಯ ಗೋಡೆಗೆ ಹೋಗುತ್ತದೆ. ಹಾಸಿಗೆ ಮಡಿಸುವ ಕೈಯೇ ಬೆಳಿಗ್ಗೆ ಸೊಪ್ಪು ಕೊಯ್ಯುತ್ತದೆ. ಅತಿಥಿ ಬಾರದ ತಿಂಗಳಲ್ಲಿಯೂ ಅಲ್ಲಿ ಮಾಡುವ ಕೆಲಸವಿರುತ್ತದೆ. ಊರೆಂದರೆ ಇಷ್ಟೇ ಅಲ್ಲ, ನಿಜ. ಅಲ್ಲಿ ತೊಟ್ಟಿಲಿಲ್ಲ, ಶಾಲೆಯಿಲ್ಲ. ಅದನ್ನು ಪೂರ್ತಿ ಊರೆಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಸತ್ತ ಊರೆನ್ನಲೂ ಒಪ್ಪಲಿಲ್ಲ.

ಇನ್ನು ಅಲ್ಲಿ ಇರುವ ಬಗೆ. ನಮಗೆ ಕೊಟ್ಟದ್ದು ಒಂದೇ ಕೋಣೆಯ ಮನೆ. ಗೋಡೆ ನನ್ನ ಮೊಳಕ್ಕೆ ಒಂದೂವರೆ ಮೊಳ ದಪ್ಪ, ಕಿಟಕಿ ಸಣ್ಣದು. ಬೇಸಗೆಯ ಬಿಸಿಲೂ ಚಳಿಗಾಲದ ಗಾಳಿಯೂ ಒಳಗೆ ಬರಬಾರದೆಂದು ಹೀಗೆ. ಒಳಗೆ ಗೋಡೆಗೆ ಸೇರಿದ ಕಲ್ಲಿನ ಜಗಲಿ, ಹಳೆಯ ಮರದ ಪೆಟ್ಟಿಗೆ, ಕಬ್ಬಿಣದ ಕಟ್ಟಿಗೆ ಒಲೆ, ಬಿಳಿ ಹಾಸಿಗೆ. ಇಂಥ ಮನೆಗಳಲ್ಲಿ ಹಿಂದೆ ಕೆಳಗಿನ ಭಾಗ ದನಕರುಗಳಿಗೂ ಎಣ್ಣೆ ಕಾಳುಗಳಿಗೂ, ಮೇಲಿನದು ಜನಕ್ಕೆ. ನಾವು ಮಲಗಿದ್ದು ಯಾವ ಭಾಗವೆಂದು ನಾನು ಕೇಳಲಿಲ್ಲ. ಟೆಲಿವಿಷನ್ ಇಲ್ಲ, ತಣ್ಣೀರಿನ ಪೆಟ್ಟಿಗೆಯಿಲ್ಲ. ಬಿಸಿಲಿನಿಂದ ಹಿಡಿದಿಟ್ಟ ವಿದ್ಯುತ್ತಿನಲ್ಲಿ ಒಂದೆರಡು ಮಂದ ದೀಪ ಉರಿಯುತ್ತವೆ. ಕೂದಲು ಒಣಗಿಸುವ ಯಂತ್ರ, ಇಸ್ತ್ರಿಪೆಟ್ಟಿಗೆಗಳನ್ನು ತಂದವರು ಹಾಗೆಯೇ ವಾಪಸು ಒಯ್ಯಬೇಕು. ನೀರು ಬೆಟ್ಟದ ಒರತೆಯದು. ಗ್ರೀಸಿನ ಹಳ್ಳಿಗಳಲ್ಲಿ ಸಾಮಾನ್ಯವಾಗಿರುವಂತೆ, ಕೊಳಾಯಿಯ ಕೊಳವೆ ಸಪೂರವಾದ್ದರಿಂದ ಶೌಚದ ಕಾಗದವನ್ನು ಪಕ್ಕದ ಬುಟ್ಟಿಗೆ ಹಾಕತಕ್ಕದ್ದು. ಕಾಗದದ ಗೊಡವೆಯಿಲ್ಲದ ನಮ್ಮವರು ಒಂದು ಚೆಂಬನ್ನು ಜೊತೆಗೊಯ್ದರೆ ಕ್ಷೇಮ.

ಇದನ್ನೆಲ್ಲ ನೋಡಿದ ನನ್ನಾಕೆ ಒಲೆಯ ಮುಂದೆ ಕುಳಿತು, ಕಟ್ಟಿಗೆಯ ತುದಿ ಸರಿಮಾಡುತ್ತ, "ಇದಕ್ಕೆ ಇಷ್ಟು ದೂರ ಬಂದು ದುಡ್ಡು ಕೊಡಬೇಕಿತ್ತೇ? ಅತ್ತೆಯವರ ಮನೆಯಲ್ಲಿ ಮಂದ ದೀಪ, ಹೊಗೆ ಒಲೆ, ಬೆಟ್ಟದ ನೀರು ಎಲ್ಲ ಇತ್ತಲ್ಲ" ಎಂದಳು. ಮಗನೂ ನಾನೂ ನಕ್ಕೆವು. ಅವಳು ನಗಲಿಲ್ಲ. ಆ ಮನೆಯಲ್ಲಿ ಇಪ್ಪತ್ತು ವರ್ಷ ಆ ಒಲೆ ಊದಿದವಳು ಅವಳು.

ರಾತ್ರಿಯ ಕತ್ತಲೆಯ ವಿಚಾರ ಹೇಳಲೇಬೇಕು. ಪೇಟೆಯಲ್ಲಿರುವ ನಮಗೆ ಕತ್ತಲೆಯೆಂದರೆ ವಿದ್ಯುತ್ತು ಹೋದ ಸಮಯ. ಅಲ್ಲಿಯ ಕತ್ತಲೆಗೆ ಆಳವಿದೆ. ಅಂಗಳಕ್ಕೆ ಬಂದು ನಿಂತರೆ ಮೊದಲು ಏನೂ ಕಾಣದು. ಕಣ್ಣು ಪಳಗಿದ ಮೇಲೆ ಎದುರಿನ ಬೆಟ್ಟದ ಅಂಚು, ಅದರ ಮೇಲೆ ನಕ್ಷತ್ರಗಳು. ದೂರದಲ್ಲಿ ಆಡಿನ ಕೊರಳಗಂಟೆ. ಕಾಲಡಿಯ ಗಿಡ ತುಳಿದರೆ ಓಮದ ವಾಸನೆ. ಅದು ಅಲ್ಲಿಯ ಕಾಡುಗಿಡ ಥೈಮ್, ಓಮದಲ್ಲಿರುವ ಸಾರವೇ ಅದರಲ್ಲಿಯೂ ಇದೆ. ಮೊದಲ ರಾತ್ರಿ ನಿಶ್ಶಬ್ದದ ದೆಸೆಯಿಂದಲೇ ನನಗೆ ನಿದ್ದೆ ಬರಲಿಲ್ಲ. ಎರಡನೆಯ ರಾತ್ರಿ ಎಂಟೂವರೆಗೇ ಮಲಗಿದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಗ್ರೀಸಿನ ಕ್ರೈಸ್ತ ಸಂಪ್ರದಾಯದಲ್ಲಿ ಬುಧವಾರ, ಶುಕ್ರವಾರ, ಈಸ್ಟರಿಗೆ ಮುಂಚಿನ ವಾರಗಳು, ಆಗಸ್ಟಿನ ಮೊದಲ ಹದಿನಾಲ್ಕು ದಿನ, ಕ್ರಿಸ್ಮಸಿಗೆ ಮುಂಚಿನ ನಲವತ್ತು ದಿನ ಎಂದು ಉಪವಾಸಗಳ ಲೆಕ್ಕ ಹಾಕಿದರೆ ವರ್ಷದ ಸುಮಾರು ಅರ್ಧ ವ್ರತದಲ್ಲೇ ಕಳೆಯುತ್ತದೆ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ವರ್ಜ್ಯ. ಹೀಗಾಗಿ ಸೊಪ್ಪು, ಕಾಳು, ಬದನೆ, ಆಲಿವ್ ಎಣ್ಣೆಗಳಲ್ಲಿಯೇ ಅವರ ಅಡುಗೆ ಬಗೆಬಗೆಯಾಗಿ ಬೆಳೆದಿದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಬಸವನಹುಳುವನ್ನು ಅವರು ಮಾಂಸವೆಂದು ಎಣಿಸುವುದಿಲ್ಲ, ವ್ರತದ ದಿನವೂ ತಿನ್ನುತ್ತಾರೆ. ಮಗ ಬಡಿಸುವವರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾಯಿತು. ಬಾರ್ಲಿಯ ಗಟ್ಟಿ ರೊಟ್ಟಿಯನ್ನು ನೆನೆಸಿ ಮೇಲೆ ಟೊಮ್ಯಾಟೊ, ಗಿಣ್ಣಿನಂಥ ಬಿಳಿ ಚೀಸು, ಎಣ್ಣೆ ಹಾಕಿದ 'ದಾಕೋಸ್'; ಆಲೂಗಡ್ಡೆ, ಎಳೆಯ ಸೀಮೆ ಸೌತೆಗಳನ್ನು ಪದರ ಪದರವಾಗಿ ಬೇಯಿಸಿದ 'ಬುರೇಕಿ'; ಬೆಟ್ಟದಿಂದ ಆಯ್ದ ಬೆರಕೆ ಸೊಪ್ಪು; ಈರುಳ್ಳಿಯೊಡನೆ ಬೆಂದ ಚೆಸ್ಟ್‌ನಟ್. ಈ ಕೊನೆಯದು ಮುಳ್ಳು ಸಿಪ್ಪೆಯೊಳಗಿನ ಕಂದು ಬೀಜ. ಸುಟ್ಟಾಗ ಹಲಸಿನ ಬೀಜದ ನೆನಪು ತರುತ್ತದೆ. ಅಕ್ಟೋಬರ್ ಅದರ ಸುಗ್ಗಿ. ಹತ್ತಿರದ ಏಲೋಸ್ ಎಂಬ ಊರಿನಲ್ಲಿ ಆ ತಿಂಗಳು ಅದರದೇ ಹಬ್ಬ ನಡೆಯುತ್ತದೆ.

ಈ ಊಟವನ್ನು ಹೊಗಳುವಾಗ ಒಂದು ಸಂಗತಿಯನ್ನು ಮರೆಯಬಾರದು. 1948ರಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದವರು ಕ್ರೀಟಿನ ಮನೆಮನೆ ಹೊಕ್ಕು ಜನರ ಜೀವನವನ್ನು ಪರೀಕ್ಷಿಸಿದರು. ಆರು ಮನೆಗಳಲ್ಲಿ ಒಂದು ಮಾತ್ರ ತಮ್ಮ ಊಟ ತಕ್ಕಮಟ್ಟಿಗಿದೆ ಎಂದಿತು. ಮಿಕ್ಕವರಿಗೆ ಇನ್ನೂ ಮಾಂಸ, ಅನ್ನ, ಬೆಣ್ಣೆ ಬೇಕಾಗಿತ್ತು. 1960ರ ಸುಮಾರಿಗೆ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಏಳು ದೇಶಗಳ ಗಂಡಸರ ಆಹಾರವನ್ನೂ ಹೃದಯರೋಗವನ್ನೂ ಹೋಲಿಸಿ ನೋಡುವ ಕೆಲಸದಲ್ಲಿ ಇದೇ ಕ್ರೀಟನ್ನು ಸೇರಿಸಿಕೊಂಡ. ಹೃದಯಾಘಾತದಿಂದ ಸಾಯುವವರು ಅಲ್ಲಿಯೇ ಅತಿ ಕಡಿಮೆಯೆಂದು ಮುಂದೆ ತಿಳಿಯಿತು. ಬಡವರು ಬೇರೆ ಗತಿಯಿಲ್ಲದೆ ಉಂಡ ಊಟ ಹೀಗೆ ಲೋಕದ ಆರೋಗ್ಯಶಾಸ್ತ್ರವಾಯಿತು. ನಾನು ಮೂರು ಹೊತ್ತೂ ಹೊಟ್ಟೆ ತುಂಬ ಉಂಡೆ. ಉಣ್ಣುವಾಗ ಆ ಐದು ಮನೆಗಳವರ ನೆನಪಾಗದಿರಲಿಲ್ಲ.

ಊಟವಾದ ಮೇಲೆ ದ್ರಾಕ್ಷಿಯ ಹಿಪ್ಪೆಯಿಂದ ಬಟ್ಟಿಯಿಳಿಸಿದ 'ಚಿಕುದಿಯಾ' ಎಂಬ ಕಟು ಮದ್ಯವನ್ನು ಸಣ್ಣ ಲೋಟದಲ್ಲಿ ತಂದಿಡುತ್ತಾರೆ. ಇದಕ್ಕೆ ಬಿಲ್ಲಿನಲ್ಲಿ ದರವಿಲ್ಲ, ಮನೆಯವರ ಮರ್ಯಾದೆ. ನಾನು ಕೈಮುಗಿದೆ. ತಂದವರು ಬೇಸರಪಡದೆ ಅದೇ ಲೋಟದಲ್ಲಿ ನೀರು ತುಂಬಿ ತಂದು ನನ್ನ ಮುಂದಿಟ್ಟು, ತಮ್ಮ ಲೋಟವನ್ನು ಅದಕ್ಕೆ ತಾಗಿಸಿ ಕುಡಿದರು. ಗ್ರೀಕ್ ಭಾಷೆಯಲ್ಲಿ 'ಕ್ಸೆನೋಸ್' ಎಂದರೆ ಪರಕೀಯ, ಅತಿಥಿಯೂ ಹೌದು. ಎರಡಕ್ಕೂ ಒಂದೇ ಮಾತು. ಅತಿಥಿಗಳನ್ನು ಕಾಯುವುದು ಅವರ ಪುರಾಣದಲ್ಲಿ ದೇವರಾಜ ಜ್ಯೂಸನದೇ ಹೊಣೆ. ಹೋಟೆಲಿಗೆ ಅವರು ಇಂದಿಗೂ ಹೇಳುವುದು 'ಕ್ಸೆನೊದೊಹಿಯೊ', ಎಂದರೆ ಪರಕೀಯನನ್ನು ಬರಮಾಡಿಕೊಳ್ಳುವ ಠಾವು. ಹಣ ತೆಗೆದುಕೊಂಡು ಬರಮಾಡಿಕೊಳ್ಳುವುದಕ್ಕೂ, 1941ರಲ್ಲಿ ಗುರುತಿಲ್ಲದ ಸೈನಿಕನನ್ನು ಪ್ರಾಣ ಒತ್ತೆಯಿಟ್ಟು ಬರಮಾಡಿ ಬಚ್ಚಿಡುವುದಕ್ಕೂ ಅಂತರ ಬಹಳ. ಆದರೂ ಆ ನೀರಿನ ಲೋಟ ದರಪಟ್ಟಿಯಿಂದ ಬಂದದ್ದಲ್ಲವೆಂದು ನನಗೆ ಅನ್ನಿಸಿತು.

ಹೋಗಬಯಸುವವರಿಗೆ ಎರಡು ಮಾತು. ಜುಲೈ, ಆಗಸ್ಟಿನಲ್ಲಿ ಕ್ರೀಟಿನಲ್ಲೆಲ್ಲ ಜನಸಂದಣಿ; ಏಪ್ರಿಲ್, ಮೇ ತಿಂಗಳಲ್ಲಿ ಕಾಡುಹೂ, ಅಕ್ಟೋಬರಿನಲ್ಲಿ ಚೆಸ್ಟ್‌ನಟ್. ಕೋಣೆಗಳು ಕೆಲವೇ ಇರುವುದರಿಂದ ಮೊದಲೇ ಕಾದಿರಿಸಬೇಕು. ಬಸ್ಸನ್ನು ನಂಬಿದರೆ ಕೊನೆಯ ದಾರಿ ನಡೆಯಬೇಕಾಗುತ್ತದೆ. ಮೊಣಕಾಲು ನೋವಿನವರು ಯೋಚಿಸಿ ಹೊರಡುವುದು ಲೇಸು. ಅಲ್ಲಿ ಮನೆಯಿಂದ ಊಟಕ್ಕೆ ಹೋಗಬೇಕಾದರೂ ಕಲ್ಲುಮೆಟ್ಟಿಲು, ರಾತ್ರಿ ಕೈಯಲ್ಲಿ ಟಾರ್ಚು.

ಹೊರಡುವ ಬೆಳಿಗ್ಗೆ ಊಟದ ಮನೆಯ ಹಿಂದೆ ಒಬ್ಬರು ಬಿದ್ದ ಪಾತಿಯ ಗೋಡೆಯೊಂದನ್ನು ಮತ್ತೆ ಪೇರಿಸುತ್ತಿದ್ದರು. ನನ್ನ ಮಗ ಅವರ ಬಳಿ ಬಹಳ ಹೊತ್ತು ನಿಂತಿದ್ದ. ಬಿದ್ದ ಮನೆಯನ್ನು ಎತ್ತಿಕಟ್ಟಲು ಹೊರಟವರು ಮೊದಲು ಯಾವ ಕೆಲಸಕ್ಕೆ ಕೈಹಾಕಬೇಕೆಂದು ಅವನು ಕೇಳಿದನಂತೆ. ಅವರು ಕಲ್ಲು ಕೆಳಗಿಟ್ಟು, ಬೆರಳನ್ನು ಆಕಾಶಕ್ಕೆ ತೋರಿಸಿ, ಬಳಿಕ ಅಂಗೈಯನ್ನು ತಲೆಯ ಮೇಲೆ ಬೋರಲಾಗಿ ಹಿಡಿದರಂತೆ. ಸೂರು. ಕಾರಿನಲ್ಲಿ ಕುಳಿತ ಮೇಲೆ ಮಗ ಇದನ್ನು ನನಗೆ ಹೇಳಿ, "ಅಪ್ಪ, ನಮ್ಮ ಅಡಿಗೆಮನೆಗೆ ಎಷ್ಟು ಹೆಂಚು ಬೇಕಾದೀತು?" ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ನವೆಂಬರಿನ ಒಂದು ಭಾನುವಾರ ಹಳ್ಳಿಗೆ ಹೋಗಿ ಎಣಿಸಿ ಬಂದೆ. ನಾನೂರ ಅರವತ್ತು ಹೆಂಚು, ಏಳು ಪಕಾಸು.